ಚಕ್ರಕ್ಕೆ ರಜೆ ಇದ್ದ ರಾತ್ರಿ

ನಮ್ಮ ಊರಿಗೆ ಜನ ಬರುವುದೇ ರಾತ್ರಿಯ ಮೋಜಿಗೆ. ಹಗಲೆಲ್ಲ ಬೆಂದ ಮರಳು ತಣ್ಣಗಾಗುತ್ತಿದ್ದ ಹಾಗೆ ಸಮುದ್ರದ ಉದ್ದಕ್ಕೂ ದೀಪ ಹತ್ತುತ್ತವೆ, ದೋಣಿಗಳು ಬಣ್ಣದ ಬಲ್ಬು ಸುತ್ತಿಕೊಂಡು ಹೊರಡುತ್ತವೆ, ವೇದಿಕೆಯ ಮೇಲೆ ಯಾರೋ ಗಿಟಾರು ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಾರೆ. ಬಂದವರಿಗೆ ಅದು ಸ್ವರ್ಗ. ನಮ್ಮ ಮನೆಯಲ್ಲಿ ಅದಕ್ಕೆ ಕೆಲಸ ಅನ್ನುತ್ತೇವೆ.

ಅಪ್ಪ ದಂಡೆಯ ಮೇಲಿನ ಜಯಂಟ್ ವೀಲ್ ತಿರುಗಿಸುತ್ತಾರೆ. ನಾನು ಅದರ ಬುಡದಲ್ಲಿ, ಕೈಕಾಲು ಚಾಚಲೂ ಆಗದ ಒಂದು ಗೂಡಿನಲ್ಲಿ ಕೂತು ಟಿಕೆಟ್ ಕೊಡುತ್ತೇನೆ. ನಮ್ಮನೆಯವರು ದೀಪದ ದೋಣಿ ಓಡಿಸುತ್ತಾರೆ. ತಂಗಿ ಕ್ಯಾಮೆರಾ ನೇತುಹಾಕಿಕೊಂಡು ಜೋಡಿಗಳನ್ನು ಅಲೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದು ಅಲ್ಲೇ ಪ್ರಿಂಟ್ ಕೊಡುತ್ತಾಳೆ. ಊರೆಲ್ಲ ಮಜಾ ಮಾಡುವಾಗ ನಾವು ದುಡಿಯುತ್ತೇವೆ, ಊರು ಏಳುವಾಗ ಮಲಗುತ್ತೇವೆ. ಇಷ್ಟು ವರ್ಷದಲ್ಲಿ ನಾನು ಒಂದು ಸಲವೂ ಆ ಚಕ್ರ ಹತ್ತಿಲ್ಲ. ನಾನು ಹತ್ತಿದರೆ ಟಿಕೆಟ್ ಯಾರು ಕೊಡುತ್ತಾರೆ?

ಹೀಗಿರುವಾಗ ಚಕ್ರದ ಕಂಬಗಳಿಗೂ ಸುತ್ತಲಿನ ಬೆಂಚುಗಳಿಗೂ ಬಣ್ಣ ಹಚ್ಚಬೇಕೆಂದು ಒಂದು ದಿನ ರಜೆ ಕೊಟ್ಟರು. ಆ ರಜೆಯನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅದಕ್ಕೆ ಕಾರಣ ತಂಗಿ.

ತಂಗಿ ಒಬ್ಬನನ್ನು ಮೆಚ್ಚಿಕೊಂಡಿದ್ದಳು. ಸರಕಿನ ಹಡಗಿನಲ್ಲಿ ಅಡುಗೆಯವನು. ದುಂಡು ಮುಖ, ಸುಟ್ಟ ಗಾಯಗಳ ಕೈ, ಮಾತು ಕಮ್ಮಿ. ಹುಡುಗ ಚಿನ್ನದಂಥವನು, ನನಗೇನೂ ತಕರಾರಿರಲಿಲ್ಲ. ತಕರಾರಿದ್ದದ್ದು ಅಪ್ಪನಿಗೆ. ಅವನ ಮುಖ ನೋಡುವ ಮೊದಲೇ ಬೇಡ ಅಂದುಬಿಟ್ಟಿದ್ದರು.

“ನೀರಿನ ಮೇಲಿರೋನಿಗೆ ಇವಳನ್ನ ಕೊಟ್ರೆ ವರ್ಷದಲ್ಲಿ ಮುಕ್ಕಾಲು ಪಾಲು ಇವಳು ಒಬ್ಬಳೇ ಕೂತಿರ್ಬೇಕು. ಒಬ್ಬಳನ್ನೇ ಬಿಡೋ ಮಾತು ನನ್ನ ಹತ್ರ ಆಡ್ಬೇಡಿ.”

ಮರುದಿನ ಬೆಳಿಗ್ಗೆ ಅವನ ಹಡಗು ಹೊರಡುವುದಿತ್ತು. ಹೋದರೆ ಬರುವುದು ತಿಂಗಳುಗಟ್ಟಲೆ ಆದ ಮೇಲೆ. ಅಪ್ಪನ ಒಪ್ಪಿಗೆ ಇಲ್ಲದೆ ಮದುವೆ ಆಗುವುದಿಲ್ಲವೆಂದು ತಂಗಿ, ಅವಳನ್ನು ಅಳಿಸಿ ಮದುವೆಯಾಗುವುದಿಲ್ಲವೆಂದು ಅವನು. ಒಪ್ಪದಿದ್ದರೆ ಈ ಸಂಬಂಧ ಇಲ್ಲಿಗೇ ಮುಗಿಯಿತು ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿಕೊಂಡು ನನ್ನ ಮುಂದೆ ಬಂದು ಕೂತರು. ತೀರ್ಮಾನ ಅವರದು, ತಲೆನೋವು ನನ್ನದು.

ನಾನು ಅಪ್ಪನ ಕಾಲು ಹಿಡಿಯುವುದೊಂದು ಬಾಕಿ. “ಅಪ್ಪಾ, ಒಂದೇ ಒಂದು ಸಂಜೆ. ಎಲ್ಲರೂ ಬೇರೆಯವರ ಥರ ಸುತ್ತಾಡೋಣ. ದೋಣಿ ಹತ್ತೋಣ, ಹಾಡು ಕೇಳೋಣ, ಏನಾದ್ರೂ ತಿನ್ನೋಣ. ಅವನ ಜೊತೆ ನಾಲ್ಕು ಮಾತಾಡಿ. ಆಮೇಲೂ ಬೇಡ ಅನ್ನಿಸಿದ್ರೆ ಬೇಡ.” ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಅಷ್ಟಕ್ಕೇ ನಾನು ಗೆದ್ದೆ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು.

ಮೊದಲು ದೋಣಿ. ನಮ್ಮನೆಯವರಿಗೆ ರಜೆ ಹಾಕಿಸಿ, ಅವರ ಜೊತೆಗಾರ ಓಡಿಸುವ ದೋಣಿಯಲ್ಲಿ ನಾವೆಲ್ಲ ಪ್ರಯಾಣಿಕರಾಗಿ ಕೂತೆವು. ಅಪ್ಪನನ್ನೂ ಅಡುಗೆಯವನನ್ನೂ ಎದುರುಬದುರು ಕೂರಿಸಿದೆ. ನೀರಿನ ಮೇಲೆ ಕೆಂಪು, ಹಸಿರು ಬೆಳಕು ಮುರಿದು ಮುರಿದು ಬೀಳುತ್ತಿತ್ತು, ಗಾಳಿ ಹಿತವಾಗಿತ್ತು, ಕಲ್ಲು ಕೂಡ ಮಾತಾಡುವಂಥ ಹೊತ್ತು. ಅಪ್ಪ ಬಾಯಿ ತೆರೆದರು.

“ಈ ಬೋಲ್ಟು ಸಡಿಲ ಆಗಿದೆ,” ಅಂದರು, ಸೀಟಿನ ಕೆಳಗೆ ಕೈ ಹಾಕಿ.

ಅಷ್ಟು ಸಾಕಾಯಿತು ನಮ್ಮನೆಯವರಿಗೆ. “ಎಲ್ಲಿ, ಎಲ್ಲಿ?” ಎಂದು ಸೀಟಿನ ಕೆಳಗೆ ತೂರಿದರು. ಅಲ್ಲಿಂದ ಅವರ ಕಿವಿ ಇಂಜಿನ್ನಿನ ಕಡೆ ಹೋಯಿತು. “ಶಬ್ದ ಸರಿ ಇಲ್ಲ ಕಣೋ,” ಎಂದು ಜೊತೆಗಾರನನ್ನು ಗದರಿಸಿ, ಅಂಗಿಯ ತೋಳು ಮಡಚಿ ದೋಣಿಯ ಹಿಂಭಾಗಕ್ಕೆ ಹೋದವರು ದಡ ಸೇರಿದ ಮೇಲೂ ಬರಲಿಲ್ಲ. “ನೀವು ಮುಂದೆ ಹೋಗ್ತಿರಿ, ಐದೇ ನಿಮಿಷ,” ಅಂದರು. ಮದುವೆಯಾದ ದಿನದಿಂದ ನಾನು ಆ ಐದು ನಿಮಿಷದಲ್ಲೇ ಬದುಕುತ್ತಿದ್ದೇನೆ.

ದೋಣಿಯಿಂದ ಇಳಿಯುವಾಗ ಅಡುಗೆಯವನು ಅಪ್ಪನಿಗೆ ಕೈ ಕೊಟ್ಟ. ಅಪ್ಪ ಆ ಕೈಯನ್ನು ಬಿಟ್ಟು ಕಂಬ ಹಿಡಿದು ಇಳಿದರು.

ಹೋಗಲಿ, ಸಂಗೀತ ಇದೆಯಲ್ಲ. ವೇದಿಕೆಯ ಮುಂದೆ ಜನ ಮರಳಿನಲ್ಲಿ ಕೂತು ತಲೆದೂಗುತ್ತಿದ್ದರು, ಕೆಲವರು ಚಪ್ಪಲಿ ಬಿಟ್ಟು ಕುಣಿಯುತ್ತಿದ್ದರು. ಒಳ್ಳೆಯ ಜಾಗ ನೋಡಿ ಕೂರಿಸಿ, ಸುಟ್ಟ ಜೋಳ ತಂದು ಕೊಟ್ಟು ತಿರುಗಿ ನೋಡುತ್ತೇನೆ, ತಂಗಿ ಇಲ್ಲ. ಪಕ್ಕದಲ್ಲಿ ಯಾರೋ ಗಂಡ ಹೆಂಡತಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದರಂತೆ, ಬೆಳಕು ಬೆನ್ನಿಗೆ ಬೀಳುತ್ತಿತ್ತಂತೆ. ಇವಳಿಗೆ ತಡೆಯಲಾಗಲಿಲ್ಲವಂತೆ. ಗುರುತು ಪರಿಚಯವಿಲ್ಲದವರ ಗದ್ದ ಹಿಡಿದು ಮುಖ ತಿರುಗಿಸುತ್ತಾ, “ಸ್ವಲ್ಪ ಈ ಕಡೆ, ಹಾಂ, ನಗಿ,” ಅನ್ನುತ್ತಿದ್ದಳು.

“ಏ, ನಿನ್ನ ಬಾಳು ಇಲ್ಲಿ ಕೂತಿದೆ ಕಣೇ!” ಅಂದೆ.

“ಒಂದೇ ಒಂದು ಅಕ್ಕಾ, ಬಂದೆ,” ಅಂದಳು.

ಬಾಳು ಎಲ್ಲಿ ಕೂತಿದೆ ಎಂದು ನೋಡಿದರೆ ಅದೂ ಎದ್ದು ಹೋಗಿತ್ತು. ಮೀನು ಕರಿಯುವ ಗಾಡಿಯ ಹಿಂದೆ ನಿಂತು ಅಡುಗೆಯವನು ಜಾಲರಿ ಕೈಗೆ ತೆಗೆದುಕೊಂಡಿದ್ದ. “ಎಣ್ಣೆ ಇನ್ನೂ ಕಾದಿರ್ಲಿಲ್ಲ ಅಕ್ಕಾ, ಮೀನು ಎಣ್ಣೆ ಕುಡಿದುಬಿಡುತ್ತೆ,” ಎಂದು ನನಗೇ ವಿವರಿಸಿದ. ಗಾಡಿಯವನು ಖುಷಿಯಿಂದ ಕೈ ಕಟ್ಟಿ ನಿಂತಿದ್ದ, ಪುಕ್ಕಟೆ ಕೆಲಸದವನು ಸಿಕ್ಕರೆ ಯಾರಿಗೆ ಬೇಡ? ನಾನು ಹಣೆ ಹಣೆ ಚಚ್ಚಿಕೊಂಡೆ. ಗಾಡಿಯ ಮುಂದೆ ಸಾಲಿನಲ್ಲಿ ನಿಂತಿದ್ದವರು ಒಬ್ಬರನ್ನೊಬ್ಬರು ನೂಕುತ್ತಿದ್ದರು. “ಒಬ್ಬೊಬ್ಬರಾಗಿ ಬನ್ನಿ, ಚಿಲ್ಲರೆ ಕೈಯಲ್ಲಿ ಇಟ್ಕೊಳ್ಳಿ,” ಎಂಬ ದನಿ ಕೇಳಿಸಿತು. ಯಾರಪ್ಪಾ ಇದು ಎಂದು ನೋಡಿದರೆ ನಾನೇ.

ಹೇಳಿಕೊಂಡರೆ ನಾಚಿಕೆ. ಊರಿಗೆ ಊರೇ ಮೋಜು ಮಾಡುವ ರಾತ್ರಿ ನಮಗೊಂದು ಗಳಿಗೆ ಮೋಜು ಮಾಡಲು ಬರುವುದಿಲ್ಲ.

ಕೊನೆಗೆ ಉಳಿದವರನ್ನು ಕುರಿ ಹೊಡೆದ ಹಾಗೆ ಹೊಡೆದುಕೊಂಡು ದುರ್ಬೀನಿನವನ ಹತ್ತಿರ ಕರೆದುಕೊಂಡು ಹೋದೆ. ದುಡ್ಡು ಕೊಟ್ಟರೆ ಚಂದ್ರನನ್ನು ತೋರಿಸುತ್ತಾನೆ. ಅಪ್ಪ ಬಗ್ಗಿ ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು. ನನಗೆ ಆಸೆ ಹುಟ್ಟಿತು, ಚಂದ್ರನ ಬೆಳಕಿಗೆ ಮನುಷ್ಯನ ಮನಸ್ಸು ಕರಗುತ್ತದಂತಲ್ಲ.

“ಬಣ್ಣದವರು ಹೊರಟುಹೋಗಿದ್ದಾರೆ,” ಅಂದರು ಅಪ್ಪ. “ತೊಟ್ಟಿಲ ಬಾಗಿಲೆಲ್ಲ ತೆಗೆದೇ ಬಿಟ್ಟಿದ್ದಾರೆ.”

ದುರ್ಬೀನನ್ನು ಚಂದ್ರನಿಂದ ಇಳಿಸಿ ತಮ್ಮ ಚಕ್ರಕ್ಕೆ ತಿರುಗಿಸಿಕೊಂಡಿದ್ದರು.

ಆಮೇಲೆ ಅವರನ್ನು ಹಿಡಿಯುವುದು ಯಾರ ಕೈಯಲ್ಲೂ ಆಗಲಿಲ್ಲ. ಅವರು ಮುಂದೆ, ನಾವು ಹಿಂದೆ. ಬಾಗಿಲು ತೆರೆದಿದ್ದರೆ ಏನಾಯಿತು ಅನ್ನುವವರಿಗೆ ಅಪ್ಪನ ಪದ್ಧತಿಯೊಂದನ್ನು ಹೇಳಬೇಕು. ತೊಟ್ಟಿಲು ಎಂದು ನಾವು ಕರೆಯುವುದು ಚಕ್ರಕ್ಕೆ ತೂಗುಬಿಟ್ಟ ತಗಡಿನ ಡಬ್ಬಗಳನ್ನು. ಪ್ರತಿಯೊಂದಕ್ಕೂ ಒಂದು ಬಾಗಿಲು, ಒಳಗೆ ಬೆಂಚು. ದಿನಾ ಆಟ ಮುಗಿದ ಮೇಲೆ ಅಪ್ಪ ಮೊದಲನೇ ನಂಬರಿನಿಂದ ಶುರು ಮಾಡಿ ಒಂದೊಂದೇ ತೊಟ್ಟಿಲನ್ನು ಕೆಳಗೆ ತಂದು, ಒಳಗೆ ಮುಖ ಹಾಕಿ, “ಯಾರಾದ್ರೂ ಇದ್ದೀರಾ? ಇಳೀರಿ,” ಎಂದು ಕೂಗಿ, ಬಾಗಿಲು ಹಾಕುತ್ತಾರೆ. ಪೂರ್ತಿ ಒಂದು ಸುತ್ತು. ಖಾಲಿ ಎಂದು ಗೊತ್ತಿದ್ದರೂ ಕೂಗುತ್ತಾರೆ. ಮಳೆ ಬಂದು ದಿನವಿಡೀ ಒಬ್ಬರೂ ಹತ್ತದಿದ್ದರೂ ಕೂಗುತ್ತಾರೆ.

ಅದಕ್ಕೂ ಕಾರಣ ತಂಗಿಯೇ. ಅವಳು ಚಿಕ್ಕವಳಿದ್ದಾಗ ಒಂದು ರಾತ್ರಿ ತೊಟ್ಟಿಲಲ್ಲಿ ಆಡುತ್ತಾ ಹಾಗೇ ನಿದ್ದೆ ಹೋಗಿದ್ದಳು. ಅಪ್ಪ ನೋಡದೆ ಚಕ್ರ ನಿಲ್ಲಿಸಿ, ಬೀಗ ಹಾಕಿ ಮನೆಗೆ ಬಂದುಬಿಟ್ಟರು. ಬಾಗಿಲಲ್ಲಿ ಅಮ್ಮ “ಚಿಕ್ಕವಳೆಲ್ಲಿ?” ಎಂದು ಕೇಳಿದ್ದು, ಅಪ್ಪನ ಮುಖದ ರಕ್ತ ಇಳಿದುಹೋದದ್ದು ನನಗೆ ನೆನಪಿದೆ. ಓಡಿಹೋಗಿ ಇಳಿಸುವಷ್ಟರಲ್ಲಿ ಅವಳಿಗೆ ಎಚ್ಚರವಾಗಿ, ಮೇಲೆ ಒಬ್ಬಳೇ ಅತ್ತು ಅತ್ತು ಧ್ವನಿ ಹೋಗಿತ್ತು. ಅಮ್ಮ ಹೋಗಿ ಎಷ್ಟೋ ವರ್ಷವಾಯಿತು, ತಂಗಿಗೆ ಆ ರಾತ್ರಿಯ ನೆನಪೇ ಇಲ್ಲ, ಅಪ್ಪ ಮಾತ್ರ ಇವತ್ತಿಗೂ ಖಾಲಿ ತೊಟ್ಟಿಲುಗಳನ್ನು ಕೂಗುತ್ತಿದ್ದಾರೆ.

ಇದೆಲ್ಲ ನನಗೆ ಅರ್ಥವಾಗುತ್ತದೆ. ಆದರೆ ಅವತ್ತೂ ಕೂಗಬೇಕೇ?

“ಅಪ್ಪಾ, ಇವತ್ತು ಚಕ್ರ ತಿರುಗೇ ಇಲ್ಲ. ಯಾರೂ ಹತ್ತಿಲ್ಲ. ಆ ಹುಡುಗ ಬೆಳಿಗ್ಗೆ ಹೋಗ್ತಾನೆ. ಸಂಜೆಯಿಂದ ನೀವು ಅವನ ಜೊತೆ ತುಟಿ ಪಿಟಕ್ ಅಂದಿಲ್ಲ!”

“ಒಂದು ಸುತ್ತು ಹಾಕಿ ಬಂದುಬಿಡ್ತೀನಿ,” ಎಂದು ಅಪ್ಪ ಮೋಟರಿನ ಗೂಡಿನ ಬೀಗ ತೆಗೆಯಲು ಹೋದರು. ತಂಗಿ ಬಣ್ಣದ ಕಂಬದ ಫೋಟೋ ತೆಗೆಯುತ್ತಿದ್ದಳು.

ನನಗೆ ಮೈಯೆಲ್ಲ ಉರಿದುಹೋಯಿತು. “ಸಾಕಪ್ಪಾ ಸಾಕು! ನಿಮ್ಮ ಉಸಾಬರಿಯೇ ಬೇಡ. ನಾನು ಮನೆಗೆ ಹೋಗ್ತೀನಿ. ಮದುವೆ ಆಗ್ತೀರೋ, ಬಿಡ್ತೀರೋ, ಏನಾದ್ರೂ ಮಾಡ್ಕೊಳ್ಳಿ!” ಎಂದು ನನ್ನ ಬ್ಯಾಗನ್ನು ತಂಗಿಯ ಕೈಗೆ ತುರುಕಿ ದಡದಡ ನಡೆದೆ. ಮೊಬೈಲು ಆ ಬ್ಯಾಗಿನಲ್ಲೇ ಇತ್ತು. ಸಿಟ್ಟು ಬಂದವರು ಬ್ಯಾಗು ಕೈಯಲ್ಲಿಟ್ಟುಕೊಳ್ಳಬೇಕು, ಇದು ನನ್ನ ಅನುಭವ.

ಚಕ್ರದ ಆಚೆ ಬದಿಗೆ ಹೋಗುವಷ್ಟರಲ್ಲಿ ಕಾಲು ಕೈಕೊಟ್ಟಿತು. ಸಂಜೆಯಿಂದ ಮರಳಲ್ಲಿ ನಡೆದು ಪಾದ ಊದಿಕೊಂಡಿದ್ದವು. ಎಲ್ಲಾದರೂ ಕೂರೋಣವೆಂದರೆ ಬೆಂಚುಗಳ ಮೇಲೆಲ್ಲ ಹಸಿ ಬಣ್ಣ. ಕೈಗೆಟುಕುವಷ್ಟರಲ್ಲಿ ಇದ್ದದ್ದು ಕೆಳಗೆ ನಿಂತಿದ್ದ ತೊಟ್ಟಿಲೊಂದೇ. ಒಳಗೆ ಹೋಗಿ, ಗಾಳಿ ಬಡಿಯುತ್ತಿತ್ತೆಂದು ಬಾಗಿಲು ಎಳೆದುಕೊಂಡು, ಚಪ್ಪಲಿ ಬಿಚ್ಚಿ ಬೆಂಚಿನ ಮೇಲೆ ಮುದುಡಿ ಮಲಗಿದೆ. ಅಪ್ಪ ಹೇಗೂ ಕೂಗುತ್ತಾರಲ್ಲ, ಆಗ ಏಳೋಣ ಅಂದುಕೊಂಡೆ. ನಾನು ತಲೆ ಇಟ್ಟರೆ ಹೆಣದ ಹಾಗೆ ಮಲಗುವವಳು.

ಇಲ್ಲಿಂದ ಮುಂದಿನದು ತಂಗಿ ಹೇಳಿದ್ದು. ಸಂಜೆಯಿಂದ ನಾನು ಯಾವುದಕ್ಕಾಗಿ ಒದ್ದಾಡಿದೆನೋ ಅದು ನಡೆದಾಗ ನಾನು ಗೊರಕೆ ಹೊಡೆಯುತ್ತಿದ್ದೆ.

ಅಪ್ಪ ಚಕ್ರ ತಿರುಗಿಸಿ ಮೊದಲನೇ ನಂಬರಿನ ತೊಟ್ಟಿಲನ್ನು ಕೆಳಗೆ ತಂದರು. ಹಾಗೆ ತರುವಾಗ ನಾನಿದ್ದ ತೊಟ್ಟಿಲು ತುದಿಗೆ ಹೋಯಿತು. ಅಪ್ಪ ದಿನಾ ಮಾಡುವ ಹಾಗೆ ಮೋಟರಿನ ಹಿಡಿಕೆ ಬಿಟ್ಟು ಬಾಗಿಲಿನ ಹತ್ತಿರ ನಡೆದು ಬರುವಷ್ಟರಲ್ಲಿ ಅಡುಗೆಯವನು ಅಲ್ಲಿ ನಿಂತಿದ್ದ. ಒಳಗೆ ಮುಖ ಹಾಕಿ, “ಯಾರಾದ್ರೂ ಇದ್ದೀರಾ?” ಎಂದು ಕೂಗಿ ಬಾಗಿಲು ಹಾಕಿದ.

ಅಪ್ಪ ಹುಬ್ಬು ಗಂಟಿಕ್ಕಿ, “ಕೂಗು ಅಂತ ನಿಂಗೆ ಯಾರು ಹೇಳಿದ್ದು?” ಅಂದರಂತೆ. ಆ ಸಂಜೆ ಅಪ್ಪ ಅವನ ಜೊತೆ ಆಡಿದ ಮೊದಲ ಮಾತು ಅದು.

“ನೀವು ಕೂಗೋದನ್ನ ಇವಳು ಹೇಳಿದ್ಲು. ನಾನೂ ದಿನಾ ಕೂಗ್ತೀನಿ ಸಾರ್. ಹಡಗಲ್ಲಿ ಮಾಂಸ, ತರಕಾರಿ ಇಡೋ ತಣ್ಣನೆ ಕೋಣೆ ಇರುತ್ತಲ್ಲ, ಅದಕ್ಕೆ ಚಿಲಕ ಹಾಕೋ ಮುಂಚೆ. ಒಂದ್ಸಲ ಯಾರೋ ನೋಡ್ದೆ ನನ್ನನ್ನೇ ಒಳಗೆ ಹಾಕಿ ಹೋಗಿಬಿಟ್ಟಿದ್ರು.”

ಅಪ್ಪ ಹಿಡಿಕೆಯ ಹತ್ತಿರ ವಾಪಸು ಹೋದರು. ತೊಟ್ಟಿಲುಗಳು ಒಂದೊಂದಾಗಿ ಇಳಿದವು, ಅವನು ಕೂಗಿದ, ಬಾಗಿಲು ಹಾಕಿದ. ಸ್ವಲ್ಪ ಹೊತ್ತಿಗೆ ಅಪ್ಪ ಕೇಳಿದರು, “ಒಳಗೆ ಎಷ್ಟು ಹೊತ್ತಿದ್ದೆ?”

“ತುಂಬಾ ಹೊತ್ತು. ಚಳಿಗಿಂತ ಬೇರೆ ಭಯ ಸಾರ್. ನಾನಿಲ್ಲ ಅಂತ ಯಾರಿಗೂ ಗೊತ್ತೇ ಆಗ್ಲಿಲ್ವಲ್ಲ ಅಂತ.”

ಆಗ ಅಪ್ಪನ ಬಾಯಿಯ ಬೀಗ ಬಿಚ್ಚಿತಂತೆ. ಯಾರ ಹತ್ತಿರವೂ ಹೇಳದಿದ್ದ ಆ ರಾತ್ರಿಯ ಕತೆಯನ್ನು, ಅಮ್ಮ ಕೇಳಿದ ಪ್ರಶ್ನೆಯನ್ನು, ಓಡುವಾಗ ಒಂದು ಚಪ್ಪಲಿ ಬಿದ್ದುಹೋದದ್ದನ್ನೂ ಬಿಡದೆ ಹೇಳತೊಡಗಿದರು. ಅಡುಗೆಯವನು ಅವರ ಕಡೆ ತಿರುಗಿ ನಿಂತು ಕೇಳುತ್ತಿದ್ದ. ಅಷ್ಟರಲ್ಲಿ ಒಂದು ತೊಟ್ಟಿಲು ಕೆಳಗೆ ಬಂತು. ಅದರ ಬಾಗಿಲು ಆಗಲೇ ಹಾಕಿತ್ತು. ಬಾಗಿಲು ಹಾಕಿದೆ ಅಂದರೆ ಇದನ್ನು ಮೊದಲೇ ಕೂಗಿ ಮುಗಿಸಿದ್ದಾಗಿದೆ ಅಂದುಕೊಂಡ ಅವನು. ಹುಡುಗ ಬಾಗಿಲಲ್ಲೇ ನಿಂತಿದ್ದಾನೆ, ಕೂಗಿರುತ್ತಾನೆ ಅಂದುಕೊಂಡರು ಅಪ್ಪ. ಆ ತೊಟ್ಟಿಲು ಮೇಲೆ ಹೋಯಿತು.

ಅದರಲ್ಲಿ ನಾನಿದ್ದೆ.

ಎಚ್ಚರವಾದಾಗ ಕುತ್ತಿಗೆ ಹಿಡಿದುಕೊಂಡಿತ್ತು, ಗಾಳಿ ಜೋರಾಗಿತ್ತು. ಕಿಟಕಿಯಿಂದ ಕೆಳಗೆ ನೋಡಿದೆ. ನೆಲ ಇರಲಿಲ್ಲ.

ಚಕ್ರದ ತುತ್ತತುದಿಯಲ್ಲಿ ನಾನು. ಕೆಳಗೆ ಊರಿಗೆ ಊರೇ ಮಿಣುಗುತ್ತಿತ್ತು. ವೇದಿಕೆ, ಅದರ ಮುಂದೆ ಕುಣಿಯುವವರು, ಗಾಡಿಗಳ ಹೊಗೆ, ದಂಡೆಯ ಉದ್ದಕ್ಕೂ ಬಿಳಿ ನೊರೆಯ ಗೆರೆ, ಕಪ್ಪು ನೀರಲ್ಲಿ ಹೂ ಚೆಲ್ಲಿದ ಹಾಗೆ ದೋಣಿಗಳು. ಒಂದು ದೋಣಿ ಮಾತ್ರ ದಡದಲ್ಲಿ ನಿಂತಿತ್ತು, ಅದರ ಇಂಜಿನ್ನಿನ ಮೇಲೆ ಟಾರ್ಚು ಹಿಡಿದು ಬಗ್ಗಿದವರು ಯಾರೆಂದು ಇಷ್ಟು ಎತ್ತರದಿಂದಲೂ ಗೊತ್ತಾಗುತ್ತಿತ್ತು. ಇಷ್ಟು ಚೆನ್ನಾಗಿದೆಯಾ ನಮ್ಮೂರು? ಇದಕ್ಕೇನಾ ನಾನು ಇಷ್ಟು ವರ್ಷ, ತಲೆ ಎತ್ತದೆ, ಟಿಕೆಟ್ ಹರಿದು ಕೊಟ್ಟದ್ದು? ನನಗೆ ಅಳು ಬಂತು. ಭಯಕ್ಕೋ ಹೊಟ್ಟೆಕಿಚ್ಚಿಗೋ ಹೇಳಲಾರೆ.

ಅಷ್ಟರಲ್ಲಿ ಬುಡದಲ್ಲಿ ಮೂವರು ಗೇಟಿನ ಕಡೆ ಹೊರಟದ್ದು ಕಂಡಿತು. ಅಪ್ಪ ಕೈಯಾಡಿಸುತ್ತಾ ಮಾತಾಡುತ್ತಿದ್ದರು, ಅಡುಗೆಯವನು ತಲೆಯಾಡಿಸುತ್ತಿದ್ದ. ನನ್ನನ್ನು ಮೇಲೆ ನೇತುಹಾಕಿ ಕೆಳಗೆ ಏನು ಸರಸ!

“ಅಪ್ಪಾ!” ಎಂದು ಕಿರುಚಿದೆ.

ನಿಂತರು. ಹಿಂದೆ ನೋಡಿದರು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಮೂರು ತಲೆ ಇದ್ದವು, ಒಂದಾದರೂ ಮೇಲೆ ಏಳಬೇಕಲ್ಲ. “ಅಕ್ಕನ ಧ್ವನಿ ಥರ ಇತ್ತು,” ಎಂದು ತಂಗಿ ಅಂದದ್ದು ಗಾಳಿಯಲ್ಲಿ ತೇಲಿಬಂತು. “ಅವಳು ಮನೆಗೆ ಹೋದಳಲ್ಲ,” ಅಂದರು ಅಪ್ಪ, ಗೇಟಿಗೆ ಕೈ ಹಾಕಿ.

ಬೇರೆ ದಾರಿ ಕಾಣದೆ ಒಂದು ಚಪ್ಪಲಿ ತೆಗೆದು ಎಸೆದೆ. ಅದು ಕಂಬಕ್ಕೆ ಬಡಿದು, ಸಿಡಿದು, ಅಪ್ಪನ ಮುಂದೆ ಬಿತ್ತು. ಅವರು ಬಗ್ಗಿ ಎತ್ತಿಕೊಂಡರು. ತಿರುಗಿಸಿ ನೋಡಿದರು. ಆಮೇಲೆ ತಲೆಯೆತ್ತಿದರು. ಅಷ್ಟು ದೂರದಿಂದ ಮುಖ ಕಾಣುವ ಹಾಗಿರಲಿಲ್ಲ, ಆದರೆ ಹೇಗಿತ್ತೆಂದು ನನಗೆ ಗೊತ್ತು. ಅಮ್ಮ ಬಾಗಿಲಲ್ಲಿ ಕೇಳಿದ ರಾತ್ರಿ ನೋಡಿದ್ದೆನಲ್ಲ.

ಮಂಡಿ ನೋವಿನ ಮನುಷ್ಯ, ಓಡಿಯೇ ಬಂದರು. ಹಿಡಿಕೆಯ ಹತ್ತಿರ ನಿಂತು, “ನಾನು ಕೂಗ್ಲಿಲ್ಲ. ನಾನು ಕೂಗ್ಲೇ ಇಲ್ಲ,” ಅನ್ನುತ್ತಿದ್ದರು.

“ಇಲ್ಲ ಸಾರ್, ಬಾಗಿಲಲ್ಲಿದ್ದೋನು ನಾನು. ತಪ್ಪು ನಂದು,” ಅಂದ ಅಡುಗೆಯವನು.

“ನಿಂದ್ಹೇಗಾಗುತ್ತೆ? ಚಕ್ರ ನಂದು.”

“ಬಾಗಿಲು ಹಾಕಿತ್ತು ಅಂತ ತೆಗೆದು ನೋಡ್ಲಿಲ್ಲ ನಾನು.”

“ಮಾತಿಗೆ ಎಳೆದೋನು ನಾನು.”

“ತಪ್ಪು ಯಾರದಾದ್ರೂ ಆಗ್ಲಿ, ಮೊದ್ಲು ನನ್ನ ಇಳಿಸ್ರೀ!” ಎಂದು ಮೇಲಿಂದ ಅರಚಿದೆ. ಕೇಳುವವರು ಯಾರು?

ಅಪ್ಪ ಕೆಲಸಕ್ಕೆ ಹೊಸಬ ಸೇರಿದಾಗ ಹೇಳುವ ಗಟ್ಟಿ ಧ್ವನಿಯಲ್ಲಿ ಹೇಳಿದರು, “ನೋಡು. ಇನ್ಮೇಲೆ ಇಬ್ಬರೂ ಕೂಗ್ಬೇಕು. ನಾನು ಕೂಗಿದ್ರೂ ನೀನು ಕೂಗ್ಬೇಕು. ಬಾಗಿಲು ಹಾಕಿದ್ರೂ ತೆಗೆದು ಕೂಗ್ಬೇಕು.”

“ಆಯ್ತು ಸಾರ್.”

“ಅಪ್ಪಾ,” ತಂಗಿಯ ಧ್ವನಿ ಸಣ್ಣಗಾಗಿತ್ತು. “ಇನ್ಮೇಲೆ ಅಂದ್ರೆ? ಅವನು ಬೆಳಿಗ್ಗೆ ಹೋಗ್ತಾನಲ್ಲ.”

“ಹೋಗ್ಲಿ. ಹೋದೋನು ಬರ್ತಾನಲ್ಲ? ಅಲ್ಲಿವರೆಗೆ ನೀನೇನು ಒಬ್ಬಳೇ ಇರ್ತೀಯ, ನಾವೆಲ್ಲ ಸತ್ತಿದ್ದೀವಾ? ಬಂದ ಮೇಲೆ ಮಾಡಿದ್ರಾಯ್ತು ಮದುವೆ.”

ತಂಗಿ ಅತ್ತಳು. ಅವನೂ ಅತ್ತನೆಂದು ಕಾಣುತ್ತದೆ. ಚಕ್ರದ ತುದಿಯಲ್ಲಿ ಒಂದು ಚಪ್ಪಲಿ ಹಿಡಿದು ಕೂತಿದ್ದ ನನ್ನ ನೆನಪು ಮತ್ತೆ ಯಾರಿಗೂ ಆಗಲಿಲ್ಲ.

“ಲಗ್ನ ಆಮೇಲೆ ಗೊತ್ತು ಮಾಡ್ಕೊಳ್ರೋ!” ಎಂದು ಎರಡನೆಯ ಚಪ್ಪಲಿಯನ್ನೂ ಎಸೆದೆ.

ಆಗ ಮೋಟರು ಗುರುಗುಟ್ಟಿತು. ಊರು ನಿಧಾನವಾಗಿ ಮೇಲೆ ಬಂತು, ದೀಪಗಳು ಒಂದರ ಹಿಂದೆ ಒಂದು ಮರೆಯಾದವು. ಇಳಿಯುತ್ತಾ ಇಳಿಯುತ್ತಾ ಏನೇನು ಬೈಯಬೇಕೆಂದು ಒಂದೊಂದೇ ಜೋಡಿಸಿಟ್ಟುಕೊಂಡೆ. ಚಿಕ್ಕ ಮಗಳಿಗಾಗಿ ಇಷ್ಟು ವರ್ಷ ಖಾಲಿ ತೊಟ್ಟಿಲುಗಳನ್ನೆಲ್ಲ ಕೂಗಿದಿರಲ್ಲ, ದೊಡ್ಡವಳು ಒಳಗಿದ್ದ ಒಂದೇ ಒಂದು ದಿನ ಕೂಗಲಿಲ್ಲವಲ್ಲ ಅಪ್ಪಾ ಎಂದು ಮೊದಲು ಅದನ್ನೇ ಕೇಳುವವಳಿದ್ದೆ. ಅದರಿಂದ ನನಗೆ ನಿಜಕ್ಕೂ ನೋವಾಗಿತ್ತು.

ತೊಟ್ಟಿಲು ಕೆಳಗೆ ಬಂದು ನಿಂತಿತು. ಅಡುಗೆಯವನು ಬಾಗಿಲು ತೆಗೆದು ಪಕ್ಕಕ್ಕೆ ಸರಿದ. ಅಪ್ಪ ನನ್ನ ಎರಡೂ ಚಪ್ಪಲಿಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ನಾನು ಅವರ ಕಣ್ಣೆದುರೇ ಕೂತಿದ್ದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆದರೂ ಅವರು ಬಗ್ಗಿ, ಒಳಗೆ ಮುಖ ಹಾಕಿ, ಒಡೆದ ಧ್ವನಿಯಲ್ಲಿ ಕೂಗಿದರು.

“ಯಾರಾದ್ರೂ ಇದ್ದೀರಾ?”

ಜೋಡಿಸಿಟ್ಟ ಬೈಗುಳಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

“ಇದ್ದೀನಪ್ಪಾ,” ಅಂದೆ. “ನಾನೂ ಇದ್ದೀನಿ.”